ಅಟ್ಟದ ಮೇಲಿನ ಹುಲ್ಲು

ಜಪಾನಿನ ಬೆಟ್ಟಗಳ ನಡುವಿನ ತೊಚಿದಾನಿಯಲ್ಲಿ ಇರುವುದು ಒಂಬತ್ತು ಮನೆ, ಅದರಲ್ಲಿ ಎರಡಕ್ಕೆ ಬೀಗ. ಏಳು ಮನೆಯ ಊರಿಗೆ ಹಿರಿಯನೊಬ್ಬ ಯಾಕೆ ಎಂದು ಕೆಳಗಿನ ಪೇಟೆಯವರು ನಗುತ್ತಾರೆ. ನಗಲಿ. ಎಪ್ಪತ್ತು ಮನೆಯ ಊರಿನಲ್ಲಿ ಮಾತಿಗೆ ಮಾತು ಬೆಳೆದರೆ ಇನ್ನೊಂದು ಬೀದಿಗೆ ಹೋಗಿ ಕೂರಬಹುದು. ಏಳು ಮನೆಯವರು ಎಲ್ಲಿಗೆ ಹೋಗಬೇಕು? ಬೆಳಗೆದ್ದರೆ ಅದೇ ತೊರೆ, ಅದೇ ಸೇತುವೆ, ಅದೇ ಮುಖಗಳು. ಅದಕ್ಕೇ ಯಾವುದು ಸರಿ, ಯಾವುದು ತಪ್ಪು ಎಂದು ಹೇಳಿ ಎಲ್ಲರ ಬಾಯಿ ಮುಚ್ಚಿಸುವವನೊಬ್ಬ ಬೇಕು.

ಹದಿನಾಲ್ಕು ವರ್ಷದಿಂದ ಆ ಕೆಲಸ ಯಾಸೊಕಿಚಿಯದು. ಅವನನ್ನು ಯಾರೂ ಆರಿಸಿರಲಿಲ್ಲ. ಅವನಿಗಿಂತ ದೊಡ್ಡವನಾಗಿದ್ದ ಕೊನೆಯ ಮುದುಕ ಒಂದು ವರ್ಷ ಹಿಮ ಕರಗುವ ಮುಂಚೆ ತೀರಿಕೊಂಡ. ಮುಂದಿನ ಸಭೆಯಲ್ಲಿ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಮೇಲುಗಡೆಯ ಚಾಪೆಯನ್ನು ಯಾಸೊಕಿಚಿಗೆ ಬಿಟ್ಟರು. ಅಷ್ಟೇ. ಅಲ್ಲಿಯವರೆಗೆ ಕಾಡಿನಲ್ಲಿ ಇದ್ದಿಲು ಸುಡುತ್ತ, ನಾಲ್ಕು ಮೆಟ್ಟಿಲು ಗದ್ದೆ ಮಾಡುತ್ತ, ಕಡಿಮೆ ಮಾತಾಡಿ ಬದುಕಿದ್ದ ಮನುಷ್ಯ ಆ ಚಾಪೆಯ ಮೇಲೆ ಕೂತದ್ದೇ ಬೆನ್ನು ನೆಟ್ಟಗೆ ಮಾಡಿಕೊಂಡ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುತ್ತಾರಲ್ಲ, ಹಾಗೆ ಮೊದಲ ಕೆಲವು ವರ್ಷ ಊರಿನ ಕಟ್ಟಳೆಗಳನ್ನೆಲ್ಲ ಎತ್ತೆತ್ತಿ ಒಗೆದ.

ಆಮೇಲೆ ಒಗೆಯಲು ಬಟ್ಟೆಯೇ ಇಲ್ಲದ ಹಾಗಾಯಿತು. ಯಾರ ಗದ್ದೆಗೆ ಮೊದಲು ನೀರು ಎಂದು ಹೇಳುವುದು ಹಿರಿಯನ ಕೆಲಸವಾಗಿತ್ತು. ಸಿಮೆಂಟಿನ ಕಾಲುವೆ ಬಂದು ಅದು ಹೋಯಿತು. ಬಿತ್ತನೆಯ ದಿನ ಹೇಳುವುದು ರೇಡಿಯೋ ಪಾಲಾಯಿತು. ಹೆಸರಿಡೋಣವೆಂದರೆ ಊರಿನಲ್ಲಿ ಕೂಸುಗಳೇ ಹುಟ್ಟಲಿಲ್ಲ. ಅವನು ಕೊನೆಯದಾಗಿ ಹೆಸರಿಟ್ಟ ಹುಡುಗಿ ಈಗ ನಾಲ್ಕನೆಯ ತರಗತಿ. ಕೊನೆಗೆ ಉಳಿದದ್ದು ಎರಡೇ ಕೆಲಸ. ಸೂತಕ, ಮೈಲಿಗೆಯ ಪ್ರಶ್ನೆ ಬಂದರೆ ತೀರ್ಪು ಹೇಳುವುದು, ಮತ್ತು ವರ್ಷದ ಕೊನೆಗೆ ಗುಡಿಯ ಹಗ್ಗ ಹೊಸೆಯುವುದು.

ಗುಡಿಯ ಹಗ್ಗವೆಂದರೆ ಸೌದೆ ಕಟ್ಟುವ ಹಗ್ಗವಲ್ಲ. ತೋಳುಗಾತ್ರದ ಮೂರು ಎಳೆ ಸೇರಿಸಿ ಎಡಕ್ಕೆ ಹೊಸೆದದ್ದು. ಮನೆಬಳಕೆಯ ಹಗ್ಗವೆಲ್ಲ ಬಲಕ್ಕೆ ತಿರುಗುತ್ತದೆ, ದೇವರದ್ದು ಮಾತ್ರ ಎಡಕ್ಕೆ. ಡಿಸೆಂಬರ್ ಇಪ್ಪತ್ತೆಂಟಕ್ಕೆ ಹಳೆಯದನ್ನು ಇಳಿಸಿ ಹೊಸದನ್ನು ಗುಡಿಯ ಮುಂದಿನ ಜೋಡಿ ಕಲ್ಲುಕಂಬಕ್ಕೆ ಕಟ್ಟಬೇಕು; ಹೊಸ ವರ್ಷದ ದೇವರು ಅದನ್ನು ನೋಡಿಕೊಂಡೇ ಬೆಟ್ಟ ಇಳಿಯುತ್ತಾನೆ. ಅದಕ್ಕೆ ಬೇಕಾದ ಭತ್ತದ ಹುಲ್ಲು ಉದ್ದವಿರಬೇಕು, ಹಸಿರಿರಬೇಕು, ತೆನೆ ಬಲಿಯುವ ಮುಂಚೆ ಕುಡುಗೋಲಿನಲ್ಲಿ ಕೊಯ್ದು ನೆರಳಿನಲ್ಲಿ ಒಣಗಿಸಿದ್ದಿರಬೇಕು. ಎಲ್ಲರ ಗದ್ದೆಗೂ ಕಟಾವು ಯಂತ್ರ ಬಂದ ಮೇಲೆ ಹುಲ್ಲೆಲ್ಲ ಗೇಣುದ್ದ ಚೂರಾಗಿ ಕೆಸರಿಗೆ ಬೀಳುತ್ತದೆ. ಯಾಸೊಕಿಚಿ ಮಾತ್ರ ಮೇಲಿನ ಮೆಟ್ಟಿಲಲ್ಲಿ ಹಗ್ಗಕ್ಕೆಂದೇ ಭತ್ತ ಹಾಕುತ್ತಿದ್ದ. ಆಗಸ್ಟಿನ ಬಿಸಿಲಿನಲ್ಲಿ ಅವನು ಕೊಯ್ಯುವನು, ಹೆಂಡತಿ ಶಿಗೆನೊ ಕಂತೆ ಕಟ್ಟುವಳು. ಡಿಸೆಂಬರಿನಲ್ಲಿ ಅವಳು ನೀರು ಚಿಮುಕಿಸಿ ಕಂತೆ ತಿರುವಿ ತಿರುವಿ ಕೊಡುವಳು, ಅವನು ಕೊಡತಿಯಿಂದ ಬಡಿದು ಮೆತ್ತಗೆ ಮಾಡುವನು. ಇಪ್ಪತ್ತೆಂಟರ ಬೆಳಿಗ್ಗೆ ಗಂಡಸರೆಲ್ಲ ಗುಡಿಯ ಅಂಗಳದಲ್ಲಿ ಒಂದೊಂದು ಎಳೆ ಹಿಡಿದು ನಿಂತರೆ, ನಡುವೆ ನಿಂತು "ಹೂಂ, ತಿರುಗಿಸು" ಎನ್ನುವವನು ಯಾಸೊಕಿಚಿ. ವರ್ಷವೆಲ್ಲ ಯಾರಿಗೂ ಬೇಡವಾಗಿದ್ದರೂ ಆ ಒಂದು ದಿನ ಅವನಿಲ್ಲದೆ ಊರು ನಡೆಯುವುದಿಲ್ಲ. ಆ ಒಂದು ದಿನಕ್ಕಾಗಿ ಅವನು ಉಳಿದ ದಿನಗಳನ್ನು ದೂಡುತ್ತಿದ್ದ. ಇದನ್ನು ಯಾರ ಮುಂದೆಯೂ ಹೇಳಿದವನಲ್ಲ. ಶಿಗೆನೊಗೆ ಮಾತ್ರ ಹೇಳದೆಯೇ ಗೊತ್ತಿತ್ತು.

ಅವನಿಗೆ ಎಪ್ಪತ್ತೊಂಬತ್ತು ತುಂಬಿದ ವರ್ಷ, ನವೆಂಬರ್ ಇಪ್ಪತ್ತೊಂದರಂದು ಶಿಗೆನೊ ತೀರಿಕೊಂಡಳು. ಮೂಲಂಗಿ ತೊಳೆದು ಸೂರಿನ ಕೆಳಗೆ ಸಾಲಾಗಿ ನೇತುಹಾಕಿ, "ಸೊಂಟ ಹಿಡ್ಕೊಂಡಿದೆ, ಒಂದ್ ಗಳಿಗೆ ಒರಗ್ತೀನಿ" ಎಂದು ಒಳಗೆ ಹೋದವಳು ಮತ್ತೆ ಏಳಲಿಲ್ಲ. ಐವತ್ತೈದು ವರ್ಷದ ಸಂಸಾರ. ಮಕ್ಕಳಾಗಿರಲಿಲ್ಲ.

ಪಕ್ಕದ ಮನೆಯ ವಿಧವೆ ಹಾತ್ಸುಯೆ ಬಂದು ಗೋಡೆಯ ಮೇಲಿನ ದೇವರ ಗೂಡಿಗೆ ಬಿಳಿ ಕಾಗದ ಅಂಟಿಸಿದಳು. ಸಾವಾದ ಮನೆಯಲ್ಲಿ ಐವತ್ತು ದಿನ ದೇವರು ಕಣ್ಣು ಮುಚ್ಚಿಕೊಂಡಿರಬೇಕು, ಆ ಕಾಗದವನ್ನು ಮನೆಯವರು ಅಂಟಿಸುವ ಹಾಗಿಲ್ಲ, ಹೊರಗಿನವರೇ ಅಂಟಿಸಬೇಕು. ಅಷ್ಟು ದಿನವೂ ಮನೆಯವರು ಗುಡಿಯ ಕಲ್ಲುಕಂಬ ದಾಟಬಾರದು, ದೇವರಿಗೆ ಸೇರಿದ್ದನ್ನು ಮುಟ್ಟಬಾರದು. ಸತ್ತವರಾದರೋ ನಲವತ್ತೊಂಬತ್ತು ದಿನ ಎಲ್ಲಿಗೂ ಹೋಗದೆ ಮನೆಯ ಮಾಡಿನ ತೊಲೆಯ ಮೇಲೇ ಕೂತಿರುತ್ತಾರೆ. ಶಿಗೆನೊ ಹಾಗೆ ಕೂತಿದ್ದಾಳೆ ಎಂದು ಯಾಸೊಕಿಚಿ ನಂಬಿದ್ದ. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಮೊದಲ ವಾರ ಜನ ಬಂದು ಹೋದರು. ಎರಡನೆಯ ವಾರದಿಂದ ಹಾತ್ಸುಯೆ ಒಬ್ಬಳೇ, ದಿನಕ್ಕೊಂದು ಸಲ, ಒಂದು ಬಟ್ಟಲು ಸಾರು ಹಿಡಿದುಕೊಂಡು ಬರುತ್ತಿದ್ದಳು. ಮನೆ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿಬಿಟ್ಟಿತ್ತು. ಯಾಸೊಕಿಚಿ ಚಹಾ ಸೋಸುವಾಗ ಕೈ ತಾನಾಗಿ ಎರಡು ಲೋಟಕ್ಕೆ ಹುಯ್ಯುತ್ತಿತ್ತು. ಎರಡನೆಯದನ್ನು ಚೆಲ್ಲಲು ಮನಸ್ಸಾಗದೆ ಅದನ್ನೂ ಅವನೇ ಕುಡಿಯುತ್ತಿದ್ದ, ಆಮೇಲೆ ಎರಡೆರಡು ಸಲ ಚಳಿಯಲ್ಲಿ ಹಿತ್ತಲಿಗೆ ಓಡುತ್ತಿದ್ದ. ಒಲೆಯ ಮುಂದೆ ಕೂತು ಮೇಲೆ ನೋಡಿ, "ನಿನ್ನಿಂದ ಇಷ್ಟೆಲ್ಲ ನೋಡು" ಎನ್ನುತ್ತಿದ್ದ. ಅಟ್ಟದ ತುಂಬ ಹಗ್ಗದ ಹುಲ್ಲು ಇತ್ತು. ಮಾತು ಅಲ್ಲೇ ಹೀರಿಹೋಗುತ್ತಿತ್ತು.

ಡಿಸೆಂಬರ್ ಇಪ್ಪತ್ತರಂದು ತಾತ್ಸುನೊರಿ ಬಂದ. ಅರವತ್ತೆರಡರ ಗಟ್ಟಿ ಆಳು, ಈ ವರ್ಷ ಊರಿನ ಕೆಲಸಗಳ ಮುಂದಾಳು, ನಮ್ಮ ಕಣಿವೆಗೆ ಮೊದಲ ಕಟಾವು ಯಂತ್ರ ತಂದವನೂ ಅವನೇ.

"ಯಾಸೊ ಅಜ್ಜ, ಇದ್ದೀರಾ?"

"ಇನ್ನೆಲ್ಲಿ ಹೋಗ್ಲಿ? ಬಾ ಒಳಗೆ. ಚಹಾ ಇದೆ."

"ಬೇಡ ಬಿಡಿ, ಇಲ್ಲೇ ಕೂರ್ತೀನಿ." ಅವನು ಹೊಸ್ತಿಲ ಅಂಚಿನಲ್ಲೇ ಕೂತ. ಸೂತಕದ ಮನೆಯ ಒಲೆಯಲ್ಲಿ ಕಾಸಿದ್ದನ್ನು ಕುಡಿದರೆ ಗುಡಿಯ ಕೆಲಸಕ್ಕೆ ತಾನೂ ಕೈ ಹಾಕುವಂತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಹಗ್ಗದ್ದು ಏನ್ ಮಾಡೋದಜ್ಜ?"

"ಪೂಜಾರೀನ ಕೇಳಿದ್ಯಾ?"

"ಕೇಳ್ದೆ. ಪದ್ಧತಿ ಅಂದ್ರೆ ಪದ್ಧತೀನೇ, ಆದ್ರೆ ಕಾಲಾನೂ ನೋಡ್ಬೇಕಲ್ಲ, ನಿಮ್ಮೂರ ಹಿರಿಯರು ಹೇಗೆ ಹೇಳ್ತಾರೋ ಹಾಗೆ ಮಾಡಿ ಅಂದ್ರು."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆ ಪೂಜಾರಿಯನ್ನು ಮೀರಿಸುವವರಿಲ್ಲ. ಐದು ಊರಿನ ಗುಡಿ ನೋಡುವವನು, ಯಾರನ್ನೂ ಎದುರು ಹಾಕಿಕೊಳ್ಳುವ ಹಾಗಿಲ್ಲ, ಪಾಪ.

"ಹಿರಿಯರು ಅಂದ್ರೆ ನೀವೇ," ಎಂದ ತಾತ್ಸುನೊರಿ. "ಹುಲ್ಲು ಇರೋದೂ ನಿಮ್ಮ ಅಟ್ಟದಲ್ಲೇ. ಬೇರೆ ಯಾರ ಹತ್ರಾನೂ ಒಂದು ಹಿಡಿ ಉದ್ದ ಹುಲ್ಲಿಲ್ಲ, ತಪ್ಪು ನಮ್ಮದೇ ಅನ್ನಿ. ಅದನ್ನ ಕೊಯ್ದಾಗ ಅಜ್ಜಿ ಚೆನ್ನಾಗೇ ಇದ್ರಲ್ಲ. ಮೈಲಿಗೆ ಇಲ್ಲ ಅಂತ ಒಂದ್ ಮಾತು ಹೇಳ್ಬಿಡಿ, ಮುಗೀತು. ನಿಮ್ಮ ಸೂತಕಾನೂ ಅಷ್ಟೇ, ಪೂಜಾರಿ ಉಪ್ಪು ಚಿಮುಕಿಸಿ ಕಳೀತಾರಂತೆ. ನೀವೇ ಬಂದು ನಿಂತು ಹೊಸೀರಿ. ಯಾರ್ ಬೇಡ ಅಂತಾರೆ?"

"ಮೈಲಿಗೆ ಇದೆ ಅಂದ್ರೆ?"

ತಾತ್ಸುನೊರಿ ಕತ್ತು ಕೆರೆದುಕೊಂಡ. "ಅಂದ್ರೆ ಪೇಟೇಲಿ ನೈಲಾನ್ ಹಗ್ಗ ಸಿಗುತ್ತೆ. ಹುಲ್ಲಿನ ಬಣ್ಣದ್ದೇ. ದೂರದಿಂದ ಗೊತ್ತೇ ಆಗಲ್ವಂತೆ. ಹತ್ತು ವರ್ಷ ಬಾಳಿಕೆ ಬರುತ್ತಂತೆ."

ಹತ್ತು ವರ್ಷ. ಯಾಸೊಕಿಚಿ ಮನಸ್ಸಿನಲ್ಲೇ ತನ್ನ ವಯಸ್ಸಿಗೆ ಹತ್ತು ಕೂಡಿಸಿದ. ಆ ನೈಲಾನ್ ಒಮ್ಮೆ ಕಂಬ ಏರಿತೆಂದರೆ ತಾನು ಸಾಯುವವರೆಗೆ ಯಾರೂ "ಅಜ್ಜ, ಹಗ್ಗದ್ದು ಏನ್ ಮಾಡೋದು" ಎಂದು ಈ ಹೊಸ್ತಿಲಿಗೆ ಬರುವುದಿಲ್ಲ.

"ಇನ್ನೊಂದು ವಾರದಲ್ಲಿ ಹೇಳ್ತೀನಿ," ಎಂದ.

ತಾತ್ಸುನೊರಿ ಅತ್ತ ಹೋದದ್ದೇ ಇವನು ಏಣಿ ಹತ್ತಿ ಅಟ್ಟಕ್ಕೆ ಹೋದ. ಕಂತೆಗಳು ಇನ್ನೂ ಹಸಿರು ಬಿಟ್ಟಿರಲಿಲ್ಲ, ಮುಖ ಹತ್ತಿರ ತಂದರೆ ಆಗಸ್ಟಿನ ವಾಸನೆ. ಪ್ರತಿ ಕಂತೆಯ ಸೊಂಟದಲ್ಲಿ ಶಿಗೆನೊಳ ಗಂಟು, ತುದಿಯನ್ನು ಎರಡು ಸಲ ಒಳಗೆ ತುರುಕುವ ಅವಳ ಅಭ್ಯಾಸ. ಯಾಸೊಕಿಚಿಗೆ ತಿಂಗಳಾದ ಮೇಲೆ ಮೊದಲ ಸಲ ಮೈ ಬೆಚ್ಚಗಾಯಿತು. ಇದರಲ್ಲಿ ಮೈಲಿಗೆ ಎಲ್ಲಿಂದ ಬಂತು? ಅವಳು ನಗುನಗುತ್ತ ಕಟ್ಟಿದ ಹುಲ್ಲು. ಹೊಸೆಯುತ್ತೇನೆ ಎಂದು ನಿರ್ಧರಿಸಿಕೊಂಡೇ ಕೆಳಗಿಳಿದ, ಒಲೆಯ ಮುಂದೆ ಕೂರುವಾಗ ಕೈಗಳು ಆಗಲೇ ಎಡಕ್ಕೆ ಹೊಸೆಯುತ್ತಿದ್ದವು.

ಹಾತ್ಸುಯೆ ಸಾರಿನ ಬಟ್ಟಲು ಹಿಡಿದು ಬಂದಾಗ ಅವನ ಮುಖದಲ್ಲಿ ಆ ಬೆಚ್ಚನೆ ಇನ್ನೂ ಇತ್ತು. ಅವಳು ಗಮನಿಸಿದಳು. ಅರವತ್ತಾರರ ಹೆಂಗಸು, ಅವಳ ಕಣ್ಣಿಗೆ ಬೀಳದ್ದು ಕಡಿಮೆ.

"ತಾತ್ಸುನೊರಿ ಬಂದಿದ್ದನಂತೆ."

"ಬಂದಿದ್ದ."

"ಹುಲ್ಲಿಗೆ ಮೈಲಿಗೆ ಇದೆಯೋ ಇಲ್ವೋ ಅಂತ ಕೇಳೋಕೆ."

"ಹೂಂ."

"ನೀವೇನಂದ್ರಿ ಯಾಸೊಸಾನ್?"

"ಇನ್ನೂ ಏನೂ ಅಂದಿಲ್ಲ."

ಅವಳು ಬಟ್ಟಲಿನ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು. ಬದನೆಕಾಯಿ ಉಪ್ಪಿನಕಾಯಿಯನ್ನೂ ಪಕ್ಕದಲ್ಲಿಟ್ಟಳು. "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರೆ," ಎಂದಳು. "ಆರೋಕೆ ಮುಂಚೆ ಊಟ ಮಾಡಿ."

ಅಷ್ಟು ಸಾಕಾಯಿತು. ಯಾಸೊಕಿಚಿ ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕೆಳಗಿಟ್ಟ.

ಹನ್ನೆರಡು ವರ್ಷದ ಹಿಂದಿನ ಮಾತು. ಆಗ ಊರಿನಲ್ಲಿ ಹದಿನಾರು ಮನೆ, ಯಾಸೊಕಿಚಿ ಹಿರಿಯನಾಗಿ ಎರಡೇ ವರ್ಷ. ಶರತ್ಕಾಲದ ಹಬ್ಬದ ಯಜಮಾನಿಕೆ ಮನೆಯಿಂದ ಮನೆಗೆ ಸರದಿಯಲ್ಲಿ ಬರುತ್ತದೆ, ಹದಿನಾರು ವರ್ಷಕ್ಕೊಮ್ಮೆ. ಆ ಸಲ ಹಾತ್ಸುಯೆಯ ಗಂಡ ತೊಕುಜಿಯದು. ಯಜಮಾನನಾದವನು ದೇವರ ಅಕ್ಕಿಯನ್ನು ಬೇರೆ ಗದ್ದೆಯಲ್ಲಿ ಬೆಳೆಯಬೇಕು, ಅದರಲ್ಲಿ ಕಾಲಿಡುವ ಮುಂಚೆ ಪ್ರತಿ ಸಲ ತೊರೆಯಲ್ಲಿ ಮುಳುಗಬೇಕು. ತೊಕುಜಿ ವರ್ಷವಿಡೀ ಮುಳುಗಿದ. ಹಬ್ಬಕ್ಕೆ ಹದಿನೈದು ದಿನ ಇರುವಾಗ ಅವನ ಒಬ್ಬನೇ ಮಗ ಮರ ಕಡಿಯಲು ಹೋದವನು ಬಿದ್ದ ಮರದಡಿ ಸಿಕ್ಕಿ ಸತ್ತ. ಯಜಮಾನಿಕೆ ಹೋಯಿತು, ಅದಕ್ಕೆ ತೊಕುಜಿ ಏನೂ ಅನ್ನಲಿಲ್ಲ. ಆದರೆ ಯಾಸೊಕಿಚಿಯ ಮುಂದೆ ಬಂದು ಹಣೆ ನೆಲಕ್ಕೆ ತಾಗಿಸಿ ಒಂದು ಮಾತು ಕೇಳಿದ. ನಾನು ಬರಲ್ಲ, ಅಕ್ಕಿ ಮಾತ್ರ ತಗೊಳ್ಳಿ, ಬೇರೆ ಯಾರಾದರೂ ದೇವರಿಗೆ ಇಡಲಿ ಎಂದ.

"ಸಾವು ಬಂದ ಮಾಡಿನ ಕೆಳಗಿದ್ದದ್ದೆಲ್ಲ ಸಾವಿನದೇ," ಎಂದಿದ್ದ ಯಾಸೊಕಿಚಿ. ಊರು ತಲೆಯಾಡಿಸಿತ್ತು. ಅಂಥ ಗಟ್ಟಿ ಮಾತು ಹಳೆಯ ಹಿರಿಯನೂ ಆಡಿರಲಿಲ್ಲ ಎಂದು ಕೆಲವರು ಮೆಚ್ಚಿಕೊಂಡಿದ್ದರು. ನಾಲ್ಕು ವರ್ಷ ಕಳೆದು ತೊಕುಜಿಯೂ ತೀರಿಕೊಂಡ. ಅವನ ಸರದಿ ಮತ್ತೆ ಬರಲಿಲ್ಲ.

"ಆ ಅಕ್ಕೀನ ನಾವು ಏಪ್ರಿಲ್ ತನಕ ತಿಂದ್ವಿ," ಎಂದಳು ಹಾತ್ಸುಯೆ. ದನಿ ಏರಿರಲಿಲ್ಲ, ಇಳಿದೂ ಇರಲಿಲ್ಲ. "ದೇವರಿಗೆ ಬೇಡವಾದದ್ದು ನಮಗ್ಯಾಕೆ, ಕೋಳಿಗೆ ಹಾಕೋಣ ಅಂದೆ. ಅವರು ಬಿಡ್ಲಿಲ್ಲ. ತುತ್ತು ತುತ್ತಿಗೂ ಕೈಮುಗಿದು ತಿಂದ್ರು. ಎದುರಿಗೆ ಕೂತು ನೋಡೋಳು ನಾನು."

ಯಾಸೊಕಿಚಿ ಒಲೆಯ ಬೂದಿ ಕೆದಕಿದ.

"ನೀವು ಹೊಸೀರಿ ಯಾಸೊಸಾನ್. ನಂದೇನೂ ತಕರಾರಿಲ್ಲ, ಸಭೇಲೂ ಬಾಯಿ ಬಿಡಲ್ಲ. ಆದ್ರೆ ಹೊಸೆಯೋಕೆ ಮುಂಚೆ, ಆವತ್ತು ಹೇಳಿದ್ದು ತಪ್ಪು ಅಂತ ಒಂದ್ ಮಾತು ಹೇಳಿ. ನಂಗಲ್ಲ. ಅವರಿಗೆ."

ಬಟ್ಟಲು ಖಾಲಿಯಾಗಲು ಅವಳು ಕಾಯಲಿಲ್ಲ. ನಾಳೆ ತಗೊಂಡು ಹೋಗ್ತೀನಿ ಎಂದು ಎದ್ದಳು.

ಮುಂದಿನ ಐದು ದಿನ ಯಾಸೊಕಿಚಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗೆ, ನುಂಗಲೂ ಆಗದು, ಉಗುಳಲೂ ಆಗದು. ಆವತ್ತಿನ ತೀರ್ಪು ಸರಿ ಎಂದರೆ ಅಟ್ಟದ ಹುಲ್ಲು ಸಾವಿನದು, ಗುಡಿಗೆ ನೈಲಾನ್, ತನಗೆ ಇನ್ನು ಹಗ್ಗವಿಲ್ಲ. ತಪ್ಪು ಎಂದರೆ ಮಗನನ್ನು ಕಳೆದುಕೊಂಡು ಬಂದ ಒಬ್ಬ ಮನುಷ್ಯನ ಕೈಯಲ್ಲಿದ್ದ ಕೊನೆಯದನ್ನೂ ತಾನು ಸುಮ್ಮಸುಮ್ಮನೆ ತಟ್ಟಿ ಬೀಳಿಸಿದ ಹಾಗೆ. ಆ ಕಾಲ ಬೇರೆ, ಆಗ ಬೇರೆ ಮನೆಗಳಲ್ಲಿ ಅಕ್ಕಿ ಇತ್ತು, ಈಗ ಬೇರೆ ಮನೆಗಳಲ್ಲಿ ಹುಲ್ಲಿಲ್ಲ ಎಂದು ತನಗೆ ತಾನೇ ವಾದ ಹೂಡಿ ನೋಡಿದ. ಚೆನ್ನಾಗಿಯೇ ಇತ್ತು ವಾದ, ತಾತ್ಸುನೊರಿಗೆ ಸಾಕಾಗುವಷ್ಟು. ಹಿಮ ಬಿದ್ದು ಕಿಟಕಿ ಅರ್ಧ ಮುಚ್ಚಿತು. ಅವನು ಒಲೆಯ ಮುಂದೆ ಕೂತು ಆ ದಿನವನ್ನು ಮತ್ತೆ ಮತ್ತೆ ತೆಗೆದು ನೋಡಿದ. ತೊಕುಜಿ ಹಣೆ ನೆಲಕ್ಕಿಟ್ಟಾಗ ತನ್ನ ತಲೆಯಲ್ಲಿ ಏನಿತ್ತು? ದೇವರಿದ್ದನೇ? ಇರಲಿಲ್ಲ. ಹದಿನೈದು ಜೊತೆ ಕಣ್ಣು ತನ್ನನ್ನು ನೋಡುತ್ತಿದ್ದವು, ಮೆತ್ತಗಾದರೆ ಏನೆಂದುಕೊಂಡಾರು ಎಂಬುದಷ್ಟೇ ಇತ್ತು.

ಇನ್ನೊಂದೂ ನೆನಪಾಯಿತು. ಆ ದಿನ ಮನೆಗೆ ಬಂದಾಗ ಶಿಗೆನೊ ಕೇಳಿದ್ದಳು: "ಅಕ್ಕಿ ಏನ್ ಪಾಪ ಮಾಡಿತ್ತು?" ಹೆಂಗಸರಿಗೇನು ಗೊತ್ತು ಇದೆಲ್ಲ ಎಂದು ಅವಳ ಬಾಯಿ ಮುಚ್ಚಿಸಿದ್ದ. ಮೂರು ದಿನ ಅವಳು ಊಟ ಬಡಿಸಿದ್ದಳು, ಮಾತಾಡಿರಲಿಲ್ಲ.

"ಆಗಲೇ ಇನ್ನೂ ನಾಲ್ಕು ಮಾತು ಜಗಳ ಆಡಬಾರದಿತ್ತೇನೆ?" ಎಂದ ಮೇಲೆ ನೋಡಿ. ತಪ್ಪು ತನ್ನದಾದರೂ ಹೆಂಡತಿಯ ಮೇಲೊಂದು ಚೂರು ಹಾಕಿದರೆ ಹಗುರ. ಆ ಹಗುರವೂ ಅವನಿಗೆ ಸಿಗಲಿಲ್ಲ.

ಇಪ್ಪತ್ತಾರರ ಬೆಳಿಗ್ಗೆ ಗಡ್ಡ ಕೆರೆದುಕೊಂಡು, ಕಪ್ಪು ಅಂಗಿ ಹಾಕಿಕೊಂಡು, ಹಿಮ ತುಳಿಯುತ್ತ ಹಾತ್ಸುಯೆಯ ಮನೆಗೆ ಹೋದ. ಪಕ್ಕದ ಮನೆಯೇ ಆದರೂ ತಲುಪಲು ಬಹಳ ಹೊತ್ತು ಹಿಡಿಯಿತು. ಬಾಗಿಲಲ್ಲೇ ನಿಂತ.

"ನಾನು ಸೂತಕದವನು. ಇಲ್ಲಿಂದಲೇ ಹೇಳ್ತೀನಿ."

"ಹಿರಿಯರ ಗೂಡಿಗೆ ಯಾವ ಸೂತಕ? ಅವರೆಲ್ಲ ಸತ್ತವರೇ ಅಲ್ವಾ," ಎಂದಳು ಹಾತ್ಸುಯೆ. "ಬನ್ನಿ ಒಳಗೆ. ಚಳಿ ಬರ್ತಾ ಇದೆ."

ಕಪ್ಪು ಮರದ ಗೂಡಿನೊಳಗೆ ಸತ್ತವರ ಹೆಸರು ಬರೆದ ಎರಡು ಹಲಗೆ, ತೊಕುಜಿಯದು, ಮಗನದು. ಮುಂದೆ ಸಣ್ಣ ಬಟ್ಟಲಲ್ಲಿ ಆವತ್ತಿನ ಅನ್ನ. ಯಾಸೊಕಿಚಿ ಮಂಡಿಯೂರಿ ಕೂತ. ಮಂಡಿ ಲಟಕ್ಕೆಂದಿತು. ಎಷ್ಟೋ ಮದುವೆ, ಎಷ್ಟೋ ತಿಥಿಗಳಲ್ಲಿ ತಡವರಿಸದೆ ಮಾತಾಡಿದವನು ಕೈ ಜೋಡಿಸಿದ.

"ತೊಕುಜಿ," ಎಂದ. "ನಿನ್ನ ಅಕ್ಕಿ ಮೈಲಿಗೆ ಆಗಿರ್ಲಿಲ್ಲ ಕಣಪ್ಪ. ನಂಗೆ ಆವತ್ತೂ ಗೊತ್ತಿತ್ತು. ಗಟ್ಟಿ ಮನುಷ್ಯ ಅನ್ನಿಸ್ಕೋಬೇಕಿತ್ತು, ಅಷ್ಟೇ. ತಪ್ಪಾಯ್ತು."

ಹಣೆಯನ್ನು ಚಾಪೆಗೆ ತಾಗಿಸಿ ಬಹಳ ಹೊತ್ತು ಎತ್ತಲಿಲ್ಲ. ಹಾತ್ಸುಯೆ ಊದುಬತ್ತಿ ಹಚ್ಚಿದಳು, ಸಣ್ಣ ಗಂಟೆಯನ್ನು ಒಮ್ಮೆ ಬಡಿದಳು. ಅದರ ನಾದ ಅಡಗಿತು. ಆಮೇಲೆ ಅವಳು ಮೂಗು ಒರೆಸಿಕೊಂಡು ಚಹಾ ತಂದಿಟ್ಟಳು.

"ಹೇಳಿದ್ರಲ್ಲ. ಇನ್ನು ಹೋಗಿ ಹೊಸೀರಿ. ತಾತ್ಸುನೊರಿ ಕಾಯ್ತಾ ಇದ್ದಾನೆ."

"ಇಲ್ಲ. ಹುಲ್ಲು ಕೊಡ್ತೀನಿ, ಅದು ಮೈಲಿಗೆ ಅಲ್ಲ. ನಾನು ಹೊಸೆಯಲ್ಲ."

"ಯಾಕೆ?"

"ಹೊಸೆದ್ರೆ, ಹಗ್ಗಕ್ಕೋಸ್ಕರ ಬಂದು ತಪ್ಪಾಯ್ತು ಅಂದ ಅಂತ ಇವನು ಅಂದ್ಕೋತಾನೆ."

ಹಾತ್ಸುಯೆ ಗೂಡಿನ ಕಡೆ ನೋಡಿದಳು. "ಅವರು ಅಷ್ಟು ಸಣ್ಣ ಮನುಷ್ಯ ಅಲ್ಲ ಯಾಸೊಸಾನ್."

"ನಾನು ಅಷ್ಟು ಸಣ್ಣ ಮನುಷ್ಯ. ಅದಕ್ಕೇ ಹೇಳಿದ್ದು."

ಅವಳು ಅವನ ಲೋಟಕ್ಕೆ ಇನ್ನಷ್ಟು ಚಹಾ ಹುಯ್ದಳು. ಒಂದೇ ಲೋಟಕ್ಕೆ.

ತಾತ್ಸುನೊರಿಗೆ ತೀರ್ಪು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹುಲ್ಲು ಮಡಿ, ಹುಲ್ಲು ಬೆಳೆದವನು ಮೈಲಿಗೆ, ಇದೆಂಥ ಲೆಕ್ಕ?

"ಹಾಗಾದ್ರೆ ತೊಕುಜಿ ಅಣ್ಣನ ಅಕ್ಕಿದು..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವನಿಗೂ ನೆನಪಿತ್ತು, ಊರಿಗೆಲ್ಲ ನೆನಪಿತ್ತು, ಹನ್ನೆರಡು ವರ್ಷ ಯಾರೂ ಎತ್ತಿರಲಿಲ್ಲ ಅಷ್ಟೇ.

"ತಪ್ಪು ತೀರ್ಪು. ಸಭೇಲಿ ನೀನೇ ಹೇಳು, ಯಾಸೊಕಿಚಿ ಹೀಗಂದ ಅಂತ."

ಒಮ್ಮೆ ತಪ್ಪಿದೆ ಎಂದು ತಾನೇ ಒಪ್ಪಿಕೊಂಡ ಹಿರಿಯನ ಹತ್ತಿರ ಇನ್ನು ಯಾರು ತೀರ್ಪು ಕೇಳಲು ಬರುತ್ತಾರೆ? ಹಿರಿತನವೆಂದರೆ ಅರ್ಧ ವಯಸ್ಸು, ಇನ್ನರ್ಧ ತಪ್ಪುವುದಿಲ್ಲ ಎಂಬ ಹೆಸರು. ಅದು ಯಾಸೊಕಿಚಿಗೆ ಗೊತ್ತಿರಲಿಲ್ಲವೆಂದಲ್ಲ.

ಇಪ್ಪತ್ತೇಳರಂದು ನಾಲ್ವರು ಬಂದು ಹುಲ್ಲು ಇಳಿಸಿದರು. ಮೈಲಿಗೆ ಇಲ್ಲವೆಂದು ಹಿರಿಯನೇ ಹೇಳಿದರೂ ಮನೆಯೊಳಗೆ ಕಾಲಿಡಲು ಧೈರ್ಯ ಸಾಲದೆ ಹೊರಗಿನಿಂದ ಏಣಿ ಹಾಕಿ ಅಟ್ಟದ ಕಿಂಡಿಯಿಂದ ಕಂತೆಗಳನ್ನು ಎಳೆದುಕೊಂಡರು. ಸಾಲದ್ದಕ್ಕೆ ಒಂದು ಮುಷ್ಟಿ ಉಪ್ಪನ್ನೂ ಎರಚಿದರು. ನಮ್ಮ ಜನ ಹೀಗೇ. ಯಾಸೊಕಿಚಿ ಅಂಗಳದಲ್ಲಿ ಕೈ ಬೆನ್ನಿಗೆ ಕಟ್ಟಿ ನಿಂತಿದ್ದ.

"ನೀರು ಜಾಸ್ತಿ ಹಾಕ್ಬೇಡ ಕಣೋ ತಾತ್ಸು. ಬುಡದ ಕಡೆ ಹೆಚ್ಚು ಬಡೀಬೇಕು. ಮೂರನೇ ಎಳೆ ಸೇರಿಸೋವಾಗ..."

"ಗೊತ್ತು ಬಿಡಿ ಅಜ್ಜ. ಇಪ್ಪತ್ತು ವರ್ಷ ಎಳೆ ಹಿಡಿದವನು ನಾನು. ನೀವು ಆರಾಮಾಗಿರಿ."

ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅದು ಎಲ್ಲಿ ತಾಗಿತು ಎಂದು ತಾತ್ಸುನೊರಿಗೆ ಗೊತ್ತಾಗಲಿಲ್ಲ. ಕಂತೆ ಹೊತ್ತವರು ಸೇತುವೆ ದಾಟುವಾಗ ಯಾಸೊಕಿಚಿ ಹಿಂದಿನಿಂದ ಕೂಗಿದ: "ಎಡಕ್ಕೆ ಕಣೋ." ಯಾರೋ ಕೈ ಎತ್ತಿದರು, ತಿರುಗಿ ನೋಡಲಿಲ್ಲ.

ಇಪ್ಪತ್ತೆಂಟರ ಬೆಳಿಗ್ಗೆ ಗಾಳಿ ನಿಂತಿತ್ತು. ತೊರೆಯಾಚೆ ಗುಡಿಯ ಅಂಗಳದಲ್ಲಿ ಕೊಡತಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದಿನ ದಿನವೇ ಬಡಿದಿಡಬೇಕಿತ್ತು, ಈಗ ಬಡಿಯುತ್ತಿದ್ದಾರೆ, ಹುಂಬರು. ಆಮೇಲೆ ಸದ್ದು ನಿಂತಿತು. ಎಳೆ ಹಿಡಿದು ನಿಂತಿರಬೇಕು. ಯಾಸೊಕಿಚಿ ಒಲೆಯ ಮುಂದೆ ಕೂತು "ಹೂಂ, ತಿರುಗಿಸು" ಎಂದ, ತನಗೆ ಮಾತ್ರ ಕೇಳುವಷ್ಟು. ಆಚೆಯಿಂದ ಬೈಗುಳ ಕೇಳಿತು, ನಗು ಕೇಳಿತು, ಯಾರೋ ಜಾರಿಬಿದ್ದರೆಂದು ಕಾಣುತ್ತದೆ, ಮತ್ತೆ ದೊಡ್ಡ ನಗು. ತಾನು ನಡುವೆ ನಿಂತಿದ್ದ ಯಾವ ವರ್ಷವೂ ಅವರು ಹಾಗೆ ನಕ್ಕಿರಲಿಲ್ಲ. ಅವನ ಎರಡೂ ಅಂಗೈ ತೊಡೆಯ ಮೇಲೆ ಒಂದನ್ನೊಂದು ಉಜ್ಜುತ್ತಿದ್ದವು. ಅವಕ್ಕೆ ಏನಾದರೂ ಕೊಡೋಣವೆಂದು ಹುಡುಕಿದರೆ ಮನೆಯಲ್ಲಿ ಒಂದು ಕಡ್ಡಿ ಹುಲ್ಲೂ ಉಳಿದಿರಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಹಾತ್ಸುಯೆ ಬಂದಳು. ಹೆಗಲ ಮೇಲೆ ಹಿಮ.

"ಕಟ್ಟಿದ್ರು. ನೋಡ್ಕೊಂಡು ಬಂದೆ."

"ಹೇಗಿದೆ?"

"ನಡುವೆ ಹೊಟ್ಟೆ ಬಂದಿದೆ. ಒಂದ್ ಕಡೆ ಉದ್ದ, ಒಂದ್ ಕಡೆ ಮೋಟು. ಇಲಿ ನುಂಗಿದ ಹಾವಿನ ಹಾಗಿದೆ."

"ಎಡಕ್ಕೆ ತಾನೆ?"

"ಎಡಕ್ಕೇ."

ಯಾಸೊಕಿಚಿ ನಕ್ಕ. ಶಿಗೆನೊ ಹೋದ ಮೇಲೆ ಮೊದಲ ಸಲ, ಭುಜ ಕುಣಿಯುವಷ್ಟು ನಕ್ಕ. ಹಾತ್ಸುಯೆಯೂ ನಕ್ಕಳು. ನಗು ತಗ್ಗಿದ ಮೇಲೆ ಅವನು ಒಲೆಯ ಕಡೆ ತಿರುಗಿ, ಬೂದಿ ಸರಿಮಾಡುತ್ತ, ಹಗುರವಾಗಿ ಕೇಳುವವನ ಹಾಗೆ ಕೇಳಿದ:

"ಯಾರಾದ್ರೂ ನನ್ನ ವಿಷಯ ಎತ್ತಿದ್ರಾ?"

ಹಾತ್ಸುಯೆ ಒಂದು ಗಳಿಗೆ ಯೋಚಿಸಿದಳು. ಮೊನ್ನೆ ಅವನು ತೊಕುಜಿಯ ಮುಂದೆ ನಿಜ ಹೇಳಿದ್ದ. ಅವನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಇಲ್ಲ," ಎಂದಳು.

"ಹೂಂ. ಕೆಲಸದ ಗಡಿಬಿಡಿ."

"ಹೂಂ."

ಅವಳು ಬಟ್ಟಲು ಇಟ್ಟು, ಬಾಗಿಲು ಎಳೆದುಕೊಂಡು ಹೋದಳು. ಯಾಸೊಕಿಚಿ ಚಹಾ ಕಾಸಿದ, ಎರಡು ಲೋಟಕ್ಕೆ ಹುಯ್ದ. ಈ ಸಲ ಗೊತ್ತಿದ್ದೇ ಹುಯ್ದ. ಬಿಳಿ ಕಾಗದದ ಹಿಂದೆ ದೇವರು ಇನ್ನೂ ಕಣ್ಣು ಮುಚ್ಚಿಕೊಂಡಿದ್ದ.

"ಇಲಿ ನುಂಗಿದ ಹಾವಂತೆ ಕಣೇ," ಎಂದ ಮೇಲೆ ನೋಡಿ.

ಹುಲ್ಲು ಇದ್ದಾಗ ಮಾತು ಅಟ್ಟದಲ್ಲೇ ಇಂಗುತ್ತಿತ್ತು. ಈಗ ಅಟ್ಟ ಬರಿದು. ಅವನ ದನಿ ತೊಲೆಗೆ ಬಡಿದು ಹಾಗೆಯೇ ಕೆಳಗೆ ಬಂತು, ಮುದುಕನ ದನಿ, ಸ್ವಲ್ಪ ನಡುಗುವುದು. ಯಾರದಿರಬಹುದು ಎಂದು ಅವನಿಗೇ ಕ್ಷಣ ಅನುಮಾನವಾಯಿತು. ಬೆರಳು ಮಡಿಸಿ ಎಣಿಸಿದ. ನಲವತ್ತೊಂಬತ್ತು ತುಂಬಲು ಇನ್ನು ಹನ್ನೊಂದು ದಿನ. ಅಲ್ಲಿಯವರೆಗೆ ಅವಳು ಅಲ್ಲೇ ಇರುತ್ತಾಳೆ. ಅವನು ಚಾಪೆಯನ್ನು ಒಲೆಯ ಹತ್ತಿರ ಎಳೆದುಕೊಂಡು, ಹಗ್ಗ ಎಲ್ಲಿ ಹೊಟ್ಟೆ ಬಂತು, ಯಾಕೆ ಬಂತು ಎಂದು ಅವಳಿಗೆ ಮೊದಲಿನಿಂದ ಹೇಳತೊಡಗಿದ.